ಬೈಕ್ ಅಪಘಾತ: ಬದುಕುಳಿಯುವುದು 'ಆಯಸ್ಸು ಗಟ್ಟಿ' ಇದ್ದವರು ಮಾತ್ರವೇ?

ಬೈಕ್ ಅಪಘಾತದ ಸುದ್ದಿ ಬಂದಾಗ ನಮ್ಮಲ್ಲಿ ಎರಡು ಮಾತು ಸಾಮಾನ್ಯ. ಬದುಕಿದರೆ "ಆಯಸ್ಸು ಗಟ್ಟಿ ಇತ್ತು" ಎನ್ನುತ್ತೇವೆ. ಹೋಗಿಬಿಟ್ಟರೆ "ಋಣ ಅಷ್ಟೇ ಇತ್ತು" ಎನ್ನುತ್ತೇವೆ. ನೋವಿನ ಹೊತ್ತಿನಲ್ಲಿ ಇವು ಸಮಾಧಾನದ ಮಾತುಗಳು, ಅದರಲ್ಲಿ ತಪ್ಪಿಲ್ಲ. ಆದರೆ ಒಬ್ಬ ಸವಾರ ಏಕೆ ಬದುಕಿದ, ಇನ್ನೊಬ್ಬ ಏಕೆ ಬದುಕಲಿಲ್ಲ ಎಂಬ ಪ್ರಶ್ನೆಗೆ ಇವು ಉತ್ತರವಲ್ಲ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ 1,68,491 ಮಂದಿ ರಸ್ತೆ ಅಪಘಾತಗಳಲ್ಲಿ ಸತ್ತರು. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಅಂದರೆ ದಿನಕ್ಕೆ ಸುಮಾರು 205 ಜನ. ಅದೇ ವರ್ಷ ಹೆಲ್ಮೆಟ್ ಇಲ್ಲದೆ ಸತ್ತವರ ಸಂಖ್ಯೆ 50,029. ಹೆಲ್ಮೆಟ್ ಇದ್ದಿದ್ದರೆ ಇವರೆಲ್ಲರೂ ಬದುಕುತ್ತಿದ್ದರು ಎಂದಲ್ಲ. ಆದರೆ ಇಷ್ಟೊಂದು ಸಾವುಗಳನ್ನು ಹಣೆಬರಹದ ಲೆಕ್ಕಕ್ಕೆ ಬರೆದು ಸುಮ್ಮನಾಗುವಂತಿಲ್ಲ.

ಬೈಕ್ ಅಪಘಾತದಲ್ಲಿ ಜೀವ ಉಳಿಯುವುದು ಮುಖ್ಯವಾಗಿ ಮೂರು ಹಂತಗಳಲ್ಲಿ ತೀರ್ಮಾನವಾಗುತ್ತದೆ: ದೇಹ ಎಷ್ಟು ಬೇಗ, ಯಾವುದಕ್ಕೆ ಬಡಿದು ನಿಂತಿತು, ತಲೆಗೆ ಏನು ರಕ್ಷಣೆ ಇತ್ತು, ಅಪಘಾತದ ನಂತರದ ಮೊದಲ ಗಂಟೆಯಲ್ಲಿ ಸುತ್ತಲಿದ್ದವರು ಏನು ಮಾಡಿದರು. ಒಂದೊಂದಾಗಿ ನೋಡೋಣ.

ಬೈಕಿನಲ್ಲಿ ಪೆಟ್ಟು ತಿನ್ನುವುದು ದೇಹವೇ

ಕಾರು ಗುದ್ದಿದಾಗ ಮುಂದಿನ ಬಾನೆಟ್ ಭಾಗ ನಜ್ಜುಗುಜ್ಜಾಗುತ್ತದೆ. ಅದು ಹಾಗೆ ಮುದುಡಲೆಂದೇ ವಿನ್ಯಾಸ ಮಾಡಿರುತ್ತಾರೆ. ಮುದುಡುವಾಗ ವೇಗದ ಶಕ್ತಿಯನ್ನು ಅದು ನುಂಗಿಕೊಳ್ಳುತ್ತದೆ. ಒಳಗೆ ಸೀಟ್ ಬೆಲ್ಟ್ ಮತ್ತು ಏರ್‌ಬ್ಯಾಗ್ ಉಳಿದ ಕೆಲಸ ಮಾಡುತ್ತವೆ. ಬೈಕಿನಲ್ಲಿ ಇದ್ಯಾವುದೂ ಇಲ್ಲ. ಬೈಕ್ ನಿಲ್ಲುತ್ತದೆ, ಸವಾರ ನಿಲ್ಲುವುದಿಲ್ಲ. ಅದೇ ವೇಗದಲ್ಲಿ ಮುಂದಕ್ಕೆ ಹಾರಿ ಎದುರಿಗೆ ಸಿಕ್ಕಿದ್ದಕ್ಕೆ ಬಡಿಯುತ್ತಾನೆ.

ಆ ವೇಗ ಎಷ್ಟು ಎಂದು ತಿಳಿಯಲು ಸುಲಭದ ಹೋಲಿಕೆಯೊಂದಿದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಗೋಡೆಗೆ ಬಡಿಯುವುದು ಸುಮಾರು 6 ಮೀಟರ್ ಎತ್ತರದಿಂದ, ಅಂದರೆ ಎರಡನೇ ಮಹಡಿಯಿಂದ, ನೆಲಕ್ಕೆ ಬಿದ್ದದ್ದಕ್ಕೆ ಸಮ. 60 ಕಿ.ಮೀ. ವೇಗವಾದರೆ ಅದು 14 ಮೀಟರ್ ಎತ್ತರದಿಂದ ಬಿದ್ದಂತೆ. ವೇಗ ಒಂದೂವರೆ ಪಟ್ಟು ಹೆಚ್ಚಾದರೆ ಹೊಡೆತದ ಶಕ್ತಿ ಎರಡೂಕಾಲು ಪಟ್ಟು ಹೆಚ್ಚುತ್ತದೆ. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದೇ ಇದಕ್ಕೆ ಕಾರಣ. ನಾಲ್ಕನೇ ಮಹಡಿಯ ಅಂಚಿನಲ್ಲಿ ನಿಂತರೆ ನಮಗೆ ಕಾಲು ನಡುಗುತ್ತದೆ. ಅಷ್ಟೇ ಅಪಾಯ ಇರುವ 60ರ ವೇಗದಲ್ಲಿ ಒಂದು ಕೈಯಲ್ಲಿ ಮೊಬೈಲ್ ಹಿಡಿಯಲು ಭಯ ಆಗುವುದಿಲ್ಲ. ಎತ್ತರ ನೋಡಿದರೆ ಮೈ ತಾನಾಗಿಯೇ ಹೆದರುತ್ತದೆ, ವೇಗಕ್ಕೆ ಹಾಗೆ ಹೆದರುವುದಿಲ್ಲ.

ಬ್ರೇಕ್ ಹಿಡಿದರೂ ಲೆಕ್ಕ ಇದೇ. ಅಡ್ಡ ಬಂದದ್ದನ್ನು ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡ್ ಬೇಕು ಎಂದುಕೊಳ್ಳಿ. ಒಣಗಿದ ಒಳ್ಳೆಯ ರಸ್ತೆಯಲ್ಲಿ 40ರ ವೇಗದ ಬೈಕ್ ನಿಲ್ಲಲು ಹೆಚ್ಚುಕಡಿಮೆ 20 ಮೀಟರ್ ಬೇಕು, 60ರ ವೇಗಕ್ಕೆ ಸುಮಾರು 40 ಮೀಟರ್. ಮಳೆಯಲ್ಲಿ, ಮರಳು ಬಿದ್ದ ತಿರುವಿನಲ್ಲಿ ಇನ್ನೂ ಹೆಚ್ಚು.

"ಮುಂದಿನ ಬ್ರೇಕ್ ಹಿಡಿದರೆ ಗಾಡಿ ಪಲ್ಟಿ ಹೊಡೆಯುತ್ತದೆ" ಎಂದು ಅನೇಕರು ಹಿಂದಿನ ಬ್ರೇಕನ್ನು ಮಾತ್ರ ಬಳಸುತ್ತಾರೆ. ಇದರಿಂದ ನಿಲ್ಲುವ ದೂರ ಇನ್ನಷ್ಟು ಉದ್ದವಾಗುತ್ತದೆ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ವಾಲುತ್ತದೆ. ಆದ್ದರಿಂದ ಗಾಡಿಯನ್ನು ನಿಲ್ಲಿಸುವ ಹೆಚ್ಚಿನ ಬಲ ಬರುವುದು ಮುಂದಿನಿಂದಲೇ. ತಪ್ಪಾಗುವುದು ಅದನ್ನು ಒಮ್ಮೆಲೇ ಗಬಕ್ಕನೆ ಹಿಡಿದಾಗ, ತಿರುವಿನಲ್ಲಿ ಅಥವಾ ಮರಳಿನ ಮೇಲೆ ಹಿಡಿದಾಗ. ಎರಡೂ ಬ್ರೇಕನ್ನು ಒಟ್ಟಿಗೆ, ಹಂತಹಂತವಾಗಿ ಒತ್ತುವುದು ಸರಿಯಾದ ರೀತಿ.

ರೇಸಿನವರು 200ರಲ್ಲಿ ಬಿದ್ದರೂ ಎದ್ದು ನಡೆಯುತ್ತಾರಲ್ಲ?

ಇದು ನ್ಯಾಯವಾದ ಪ್ರಶ್ನೆ. ಮೋಟೋಜಿಪಿ ರೇಸಿನಲ್ಲಿ 200 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಬಿದ್ದವರು ಮೈಕೊಡವಿಕೊಂಡು ಏಳುವುದನ್ನು ಟಿವಿಯಲ್ಲಿ ನೋಡಿದ್ದೇವೆ. ನಮ್ಮ ಬಡಾವಣೆಯ ರಸ್ತೆಯಲ್ಲಿ 40ರಲ್ಲಿ ಬಿದ್ದವರು ಪ್ರಾಣ ಬಿಟ್ಟಿದ್ದೂ ಇದೆ. ಇದು ಅದೃಷ್ಟವೇ?

ಕೊಲ್ಲುವುದು ವೇಗವಲ್ಲ, ಆ ವೇಗ ಎಷ್ಟು ದೂರದಲ್ಲಿ ಸೊನ್ನೆಯಾಯಿತು ಎಂಬುದು. 60 ಕಿ.ಮೀ. ವೇಗದಲ್ಲಿ ಬಿದ್ದ ಸವಾರ ಖಾಲಿ ರಸ್ತೆಯಲ್ಲಿ 20–25 ಮೀಟರ್ ಜಾರಿ ನಿಂತರೆ ದೇಹದ ಮೇಲೆ ಬೀಳುವ ಬಲ ಅವನ ತೂಕಕ್ಕಿಂತಲೂ ಕಡಿಮೆ. ಚರ್ಮ ಸುಲಿಯುತ್ತದೆ, ಮೂಳೆ ಮುರಿಯಬಹುದು, ಜೀವ ಉಳಿಯುವ ಸಾಧ್ಯತೆ ಹೆಚ್ಚು. ಅದೇ ಸವಾರ ಕಂಬಕ್ಕೋ ಮರಕ್ಕೋ ನಿಂತ ಲಾರಿಯ ಹಿಂಬದಿಗೋ ಬಡಿದು ಅರ್ಧ ಮೀಟರಿನಲ್ಲಿ ನಿಂತರೆ ಬಲ ಅವನ ತೂಕದ ಸುಮಾರು 28 ಪಟ್ಟು. ಎದೆಗೂಡು, ಹೊಟ್ಟೆಯ ಅಂಗಗಳು ಅದನ್ನು ತಾಳುವುದು ಕಷ್ಟ.

ರೇಸ್ ಟ್ರ್ಯಾಕಿನಲ್ಲಿ ಜಾರಲು ಜಾಗ ಬಿಟ್ಟಿರುತ್ತಾರೆ. ಎದುರು ವಾಹನ ಬರುವುದಿಲ್ಲ, ಕಂಬಗಳಿಲ್ಲ. ಮೈಮೇಲೆ ಚರ್ಮದ ಸೂಟು ಇರುತ್ತದೆ. 2018ರಿಂದ ಮೋಟೋಜಿಪಿ ಸವಾರರ ಸೂಟಿನೊಳಗೆ ಏರ್‌ಬ್ಯಾಗ್ ಕೂಡ ಕಡ್ಡಾಯ. ನಮ್ಮ ರಸ್ತೆಯ ಪಕ್ಕದಲ್ಲಿ ವಿದ್ಯುತ್ ಕಂಬ, ಚರಂಡಿ ಕಲ್ಲು, ಡಿವೈಡರ್ ಎಲ್ಲವೂ ಕೈಗೆ ಸಿಗುವಷ್ಟು ಹತ್ತಿರ. ಟಿವಿಯಲ್ಲಿ ನೋಡಿದ ಬೀಳುವಿಕೆಯನ್ನು ನಮ್ಮ ರಸ್ತೆಗೆ ಅನ್ವಯಿಸಿಕೊಳ್ಳುವಂತಿಲ್ಲ.

ಹೆಲ್ಮೆಟ್ ಮಾಡುವ ಕೆಲಸ: ಎರಡು ಸೆಂಟಿಮೀಟರ್

1935ರ ಮೇ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಟಿ. ಇ. ಲಾರೆನ್ಸ್ ಬೈಕಿನಲ್ಲಿ ಹೋಗುತ್ತಿದ್ದಾಗ ಸೈಕಲ್ ತುಳಿಯುತ್ತಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದರು. 'ಲಾರೆನ್ಸ್ ಆಫ್ ಅರೇಬಿಯಾ' ಎಂದು ಜಗತ್ತಿಗೆ ಪರಿಚಿತರಾಗಿದ್ದವರು ಅವರು. ತಲೆಗೆ ಪೆಟ್ಟಾಗಿ ಆರು ದಿನಗಳ ನಂತರ ಸತ್ತರು. ಅವರನ್ನು ನೋಡಿದ ವೈದ್ಯರಲ್ಲಿ ಮಿದುಳಿನ ಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಒಬ್ಬರು. ಮುಂದೆ ಕೇರ್ನ್ಸ್ ಬೈಕ್ ಸವಾರರ ತಲೆಗಾಯಗಳ ಅಧ್ಯಯನಕ್ಕೆ ಇಳಿದರು. 1941ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹೆಲ್ಮೆಟ್‌ನ ಮಹತ್ವದ ಬಗ್ಗೆ ಬರೆದರು. ಅದೇ ವರ್ಷ ಬ್ರಿಟಿಷ್ ಸೇನೆ ಬೈಕಿನಲ್ಲಿ ಸಂದೇಶ ಒಯ್ಯುವ ಸೈನಿಕರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಆ ದೇಶದ ಸಾಮಾನ್ಯ ಸವಾರರಿಗೆ ಅದು ಕಡ್ಡಾಯವಾಗಲು 1973ರವರೆಗೆ ಕಾಯಬೇಕಾಯಿತು.

ಹೆಲ್ಮೆಟ್‌ನ ಹೊರಗಿನ ಗಟ್ಟಿ ಚಿಪ್ಪು ಹೊಡೆತವನ್ನು ಒಂದೇ ಜಾಗದಲ್ಲಿ ಬಿಡದೆ ಹರಡುತ್ತದೆ, ಚೂಪಾದ ವಸ್ತು ಒಳಹೋಗದಂತೆ ತಡೆಯುತ್ತದೆ. ಆದರೆ ನಿಜವಾಗಿ ಜೀವ ಉಳಿಸುವುದು ಒಳಗಿನ ಥರ್ಮೋಕೋಲ್ ಪದರ. ಪೆಟ್ಟು ಬಿದ್ದಾಗ ಅದು ಜಜ್ಜಿಹೋಗುತ್ತದೆ. ಹಾಗೆ ಜಜ್ಜಿಹೋಗುವ ಒಂದೆರಡು ಸೆಂಟಿಮೀಟರಿನಲ್ಲಿ ತಲೆ ನಿಧಾನವಾಗುತ್ತದೆ.

ಲೆಕ್ಕ ಹಾಕಿ ನೋಡಿ. ಬೈಕ್ ನಿಂತೇ ಇದ್ದರೂ ಸವಾರ ಆಯತಪ್ಪಿ ಬಿದ್ದರೆ ಒಂದೂವರೆ ಮೀಟರ್ ಎತ್ತರದಲ್ಲಿದ್ದ ತಲೆ ನೆಲ ಮುಟ್ಟುವಾಗ ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿರುತ್ತದೆ. ಬರಿತಲೆ ಟಾರಿಗೆ ಬಡಿದು ಮೂರು ಮಿಲಿಮೀಟರಿನಲ್ಲಿ ನಿಂತರೆ ಅದರ ಮೇಲೆ ಗುರುತ್ವದ ಸುಮಾರು 500 ಪಟ್ಟು ಬಲ. ಹೆಲ್ಮೆಟ್‌ನ ಪದರ ಎರಡು ಸೆಂಟಿಮೀಟರ್ ಮುದುಡಿದರೆ ಅದು ಸುಮಾರು 75 ಪಟ್ಟಿಗೆ ಇಳಿಯುತ್ತದೆ. ಬುರುಡೆ ಒಡೆಯುವುದಕ್ಕೂ ತಲೆ ಸುತ್ತಿ ಎದ್ದು ಕೂರುವುದಕ್ಕೂ ಇರುವ ವ್ಯತ್ಯಾಸ ಇಷ್ಟು ದೊಡ್ಡದು.

ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆಯ ಪ್ರಕಾರ, ಅಪಘಾತಕ್ಕೀಡಾದ ಸವಾರರಲ್ಲಿ ಹೆಲ್ಮೆಟ್ ಸಾವಿನ ಅಪಾಯವನ್ನು ಸುಮಾರು ಶೇ. 42ರಷ್ಟು, ತಲೆಗಾಯದ ಅಪಾಯವನ್ನು ಶೇ. 69ರಷ್ಟು ತಗ್ಗಿಸುತ್ತದೆ. ನೂರಕ್ಕೆ ನೂರು ಅಲ್ಲ. ಎದೆಗೆ, ಹೊಟ್ಟೆಗೆ ಬಿದ್ದ ಪೆಟ್ಟನ್ನು ಹೆಲ್ಮೆಟ್ ತಡೆಯಲಾರದು. ಆದರೆ ಕೆಲವು ನೂರು ರೂಪಾಯಿಯಿಂದ ಒಂದೆರಡು ಸಾವಿರದೊಳಗೆ ಸಿಗುವ ವಸ್ತುವೊಂದು ಇಷ್ಟು ಕೆಲಸ ಮಾಡುವುದು ಅಪರೂಪ.

ಹೆಲ್ಮೆಟ್ ಬಗ್ಗೆ ಕೇಳಿಬರುವ ಮಾತುಗಳು

*"ಇಲ್ಲೇ ಹತ್ತಿರ, ಹಾಲು ತರೋಕೆ."* ಮೇಲಿನ ಲೆಕ್ಕ ನಿಂತ ಬೈಕಿನದ್ದು. ನೆಲ ಎಷ್ಟು ಗಟ್ಟಿ ಎಂಬುದಕ್ಕೂ ನೀವು ಎಷ್ಟು ದೂರ ಹೊರಟಿದ್ದೀರಿ ಎಂಬುದಕ್ಕೂ ಸಂಬಂಧವಿಲ್ಲ.

*"ಹೆಲ್ಮೆಟ್ ಹಾಕಿದರೆ ಕುತ್ತಿಗೆ ಮುರಿಯುತ್ತದೆ."* ಮೇಲೆ ಹೇಳಿದ ವಿಮರ್ಶೆಯಲ್ಲಿ ಹೆಲ್ಮೆಟ್‌ನಿಂದ ಕುತ್ತಿಗೆ ಗಾಯ ಹೆಚ್ಚುತ್ತದೆ ಎಂಬುದಕ್ಕೆ ಪುರಾವೆ ಸಿಕ್ಕಿಲ್ಲ.

*"ಕೂದಲು ಉದುರುತ್ತದೆ."* ಬೋಳುತಲೆಗೆ ಮುಖ್ಯ ಕಾರಣ ಅನುವಂಶೀಯತೆ ಮತ್ತು ಹಾರ್ಮೋನು. ಬೆವರಿನ ತುರಿಕೆ, ಹೊಟ್ಟಿನ ತೊಂದರೆ ಇದ್ದರೆ ಒಳಗೆ ಹತ್ತಿಬಟ್ಟೆ ಕಟ್ಟಿಕೊಳ್ಳಿ, ಹೆಲ್ಮೆಟ್‌ನ ಒಳಪದರವನ್ನು ಒಗೆಯಿರಿ.

*"ಅರ್ಧ ಹೆಲ್ಮೆಟ್ ಸಾಕು, ಪೊಲೀಸರು ಬಿಡುತ್ತಾರೆ."* ಕಿವಿಯ ಮೇಲೆ ನಿಲ್ಲುವ ಟೋಪಿಯಂಥ ಹೆಲ್ಮೆಟ್ ದಂಡವನ್ನು ತಪ್ಪಿಸಬಹುದು. ಕೆನ್ನೆಯ ಮೇಲ್ಭಾಗ, ದವಡೆ, ತಲೆಯ ಹಿಂಭಾಗವನ್ನು ಅದು ಮುಚ್ಚುವುದೇ ಇಲ್ಲ. 2021ರ ಜೂನ್‌ನಿಂದ ದೇಶದಲ್ಲಿ ಐಎಸ್‌ಐ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ ಮಾರುವಂತಿಲ್ಲ. ರಸ್ತೆಬದಿಯಲ್ಲಿ ಅಂಟಿಸಿದ ಸ್ಟಿಕ್ಕರನ್ನಷ್ಟೇ ನೋಡದೆ ಒಳಗೆ ದಪ್ಪ ಥರ್ಮೋಕೋಲ್ ಪದರ ಇದೆಯೇ ಎಂದು ಬೆರಳಿನಿಂದ ಒತ್ತಿ ನೋಡಿ. ಬರೀ ಸ್ಪಂಜು ಇದ್ದರೆ ಅದು ಕೆಲಸಕ್ಕೆ ಬಾರದು.

ಇನ್ನು ಎರಡು ಮಾತು. ಗದ್ದದ ಪಟ್ಟಿ ಹಾಕದ ಹೆಲ್ಮೆಟ್ ತಲೆ ನೆಲ ಮುಟ್ಟುವ ಮೊದಲೇ ಹಾರಿಹೋಗಬಹುದು. ಒಮ್ಮೆ ಜೋರು ಪೆಟ್ಟು ತಿಂದ ಹೆಲ್ಮೆಟ್‌ನ ಒಳಪದರ ಜಜ್ಜಿಹೋಗಿರುತ್ತದೆ. ಹೊರಗೆ ಗೀರು ಮಾತ್ರ ಕಂಡರೂ ಅದನ್ನು ಬದಲಾಯಿಸಬೇಕು.

ಹಿಂದೆ ಕೂತವರ ಲೆಕ್ಕ ಬೇರೆಯೇ?

2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತ 50,029 ಮಂದಿಯಲ್ಲಿ 14,337 ಜನ ಹಿಂಬದಿ ಸವಾರರು. 2021ರ ಜೂನ್‌ನಲ್ಲಿ ರಾಷ್ಟ್ರಪ್ರಶಸ್ತಿ ಪಡೆದ ನಟ ಸಂಚಾರಿ ವಿಜಯ್ ಬೆಂಗಳೂರಿನಲ್ಲಿ ಸ್ನೇಹಿತರ ಬೈಕಿನ ಹಿಂದೆ ಕೂತು ಹೋಗುತ್ತಿದ್ದಾಗ ಬೈಕ್ ಜಾರಿ ವಿದ್ಯುತ್ ಕಂಬಕ್ಕೆ ಬಡಿಯಿತು. ಅವರು ಹೆಲ್ಮೆಟ್ ಧರಿಸಿರಲಿಲ್ಲ ಎಂದು ಆಗ ವರದಿಯಾಗಿತ್ತು. ಮಿದುಳಿಗೆ ತೀವ್ರ ಪೆಟ್ಟಾಗಿ ಅವರು ಉಳಿಯಲಿಲ್ಲ. ಕುಟುಂಬದವರು ಅಂಗಾಂಗ ದಾನ ಮಾಡಿದರು. ಆಗ ಅವರಿಗೆ 37 ವರ್ಷ.

ಹಿಂದೆ ಕೂತವರಿಗೆ ಹ್ಯಾಂಡಲ್‌ನ ಆಸರೆ ಇಲ್ಲ. ಗುಂಡಿ, ತಿರುವು, ಬ್ರೇಕ್ ಬರುವುದು ಮುಂಚೆ ಗೊತ್ತಾಗುವುದೂ ಇಲ್ಲ. ಒಂದೇ ಬದಿಗೆ ಕಾಲುಹಾಕಿ ಮಗು ಎತ್ತಿಕೊಂಡು ಕೂತರಂತೂ ಸಣ್ಣ ಕುಲುಕಿಗೂ ಬೀಳುವ ಅಪಾಯ. ಸೆರಗು, ದುಪಟ್ಟಾ ಹಿಂದಿನ ಚಕ್ರಕ್ಕೆ ಸಿಕ್ಕಿದರೆ ಕುತ್ತಿಗೆಗೇ ಉರುಳು. ಅದಕ್ಕೆಂದೇ ಸೀರೆ ಗಾರ್ಡ್ ಇರಬೇಕೆಂದು ನಿಯಮವಿದೆ. ಚಂದ ಕಾಣುವುದಿಲ್ಲ ಎಂದು ಅದನ್ನು ಬಿಚ್ಚಿಸಬೇಡಿ. ಕಾನೂನಿನ ಪ್ರಕಾರ ನಾಲ್ಕು ವರ್ಷ ಮೇಲ್ಪಟ್ಟ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ, ಪೇಟ ಧರಿಸುವ ಸಿಖ್ಖರಿಗೆ ಮಾತ್ರ ವಿನಾಯಿತಿ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಹೆಲ್ಮೆಟ್ ಜೊತೆಗೆ ಸವಾರರಿಗೆ ಕಟ್ಟಿಕೊಳ್ಳುವ ಬೆಲ್ಟ್ ಬೇಕು, ವೇಗ 40 ಕಿ.ಮೀ. ದಾಟಬಾರದು ಎಂಬ ನಿಯಮ 2023ರಿಂದ ಜಾರಿಯಲ್ಲಿದೆ.

ಮೊದಲ ಗಂಟೆ: ನೋಡುತ್ತ ನಿಂತವರ ಕೈಯಲ್ಲಿ

ಮೋಟಾರು ವಾಹನ ಕಾಯ್ದೆಯೇ 'ಗೋಲ್ಡನ್ ಅವರ್' ಎಂಬುದನ್ನು ಹೀಗೆ ವಿವರಿಸುತ್ತದೆ: ಗಾಯವಾದ ನಂತರದ ಒಂದು ಗಂಟೆ, ತಕ್ಷಣದ ಚಿಕಿತ್ಸೆಯಿಂದ ಸಾವು ತಪ್ಪಿಸುವ ಸಾಧ್ಯತೆ ಅತಿ ಹೆಚ್ಚಿರುವ ಅವಧಿ. ಆ ಗಂಟೆಯ ಮೊದಲ ಹತ್ತು ಹದಿನೈದು ನಿಮಿಷ ವೈದ್ಯರು ಅಲ್ಲಿರುವುದಿಲ್ಲ. ಇರುವುದು ನೀವು, ನಾವು, ಪಕ್ಕದ ಟೀ ಅಂಗಡಿಯವರು.

ಮೊದಲು ನಿಮ್ಮ ಸುರಕ್ಷತೆ. ಹಿಂದಿನಿಂದ ಬರುವ ವಾಹನಗಳನ್ನು ನಿಧಾನಿಸಲು ಒಬ್ಬರನ್ನು ನಿಲ್ಲಿಸಿ. ಇನ್ನೊಬ್ಬರು 108 ಅಥವಾ 112ಕ್ಕೆ ಕರೆ ಮಾಡಿ ಜಾಗದ ಗುರುತು ಹೇಳಲಿ. ಆಮೇಲೆ ಈ ನಾಲ್ಕು ವಿಷಯಗಳನ್ನು ನೆನಪಿಡಿ.

ಉಸಿರು. ಪ್ರಜ್ಞೆ ತಪ್ಪಿ ಅಂಗಾತ ಬಿದ್ದವರ ನಾಲಿಗೆ ಹಿಂದಕ್ಕೆ ಬಿದ್ದು ಗಂಟಲು ಮುಚ್ಚುತ್ತದೆ. ರಕ್ತ, ವಾಂತಿ ಶ್ವಾಸನಾಳಕ್ಕೆ ಹೋಗಬಹುದು. ಹಾಗೆ ಗೊರಗೊರ ಶಬ್ದ ಬರುತ್ತಿದ್ದರೆ ಎರಡು ಮೂರು ಜನ ಸೇರಿ ತಲೆ, ಕುತ್ತಿಗೆ, ಬೆನ್ನು ಒಂದೇ ಸಾಲಿನಲ್ಲಿರುವಂತೆ ಒಟ್ಟಿಗೆ ಪಕ್ಕಕ್ಕೆ ಹೊರಳಿಸಿ. ಉಸಿರೇ ಇಲ್ಲದಿದ್ದರೆ ಎದೆ ಒತ್ತುವ ಸಿಪಿಆರ್ ಶುರುಮಾಡಿ. 108ರ ಸಿಬ್ಬಂದಿ ಫೋನಿನಲ್ಲೇ ಮಾರ್ಗದರ್ಶನ ಮಾಡಬಲ್ಲರು.

ರಕ್ತ. ವಯಸ್ಕರ ದೇಹದಲ್ಲಿರುವುದು ಸುಮಾರು ಐದು ಲೀಟರ್ ರಕ್ತ. ಸುರಿಯುವ ಜಾಗದ ಮೇಲೆ ಶುಭ್ರ ಬಟ್ಟೆ ಇಟ್ಟು ಅಂಗೈಯಿಂದ ಬಲವಾಗಿ, ಬಿಡದೆ ಒತ್ತಿ ಹಿಡಿಯಿರಿ. ನಿಂತಿತೇ ಎಂದು ಮತ್ತೆ ಮತ್ತೆ ತೆಗೆದು ನೋಡಬೇಡಿ. ಚುಚ್ಚಿಕೊಂಡ ಕಬ್ಬಿಣ, ಗಾಜನ್ನು ಕೀಳಬೇಡಿ. ಅದೇ ರಕ್ತವನ್ನು ತಡೆದು ನಿಲ್ಲಿಸಿರಬಹುದು. ಗಾಯಕ್ಕೆ ಅರಿಸಿನ, ಕಾಫಿಪುಡಿ, ಮಣ್ಣು ಹಾಕಬೇಡಿ.

ಬೆನ್ನು ಮತ್ತು ಕುತ್ತಿಗೆ. ಕೈಕಾಲು ಹಿಡಿದು ಎತ್ತಿ ಆಟೋದಲ್ಲಿ ಮಡಚಿ ಕೂರಿಸುವುದು ನಮ್ಮಲ್ಲಿ ತೀರಾ ಸಾಮಾನ್ಯ. ಬೆನ್ನುಮೂಳೆ ಮುರಿದಿದ್ದರೆ ಒಳಗಿನ ನರಹುರಿ ಈ ಎತ್ತಾಟದಲ್ಲೇ ತುಂಡಾಗಬಹುದು. ಬೆಂಕಿ, ಮತ್ತೆ ವಾಹನ ಗುದ್ದುವ ಅಪಾಯ ಇಲ್ಲದಿದ್ದರೆ ಆಂಬುಲೆನ್ಸ್ ಬರುವವರೆಗೆ ತಲೆಯನ್ನು ಎರಡೂ ಕೈಯಿಂದ ಅಲುಗಾಡದಂತೆ ಹಿಡಿದಿರಿ. ಆಂಬುಲೆನ್ಸ್ ಬರುವುದೇ ಇಲ್ಲವಾದರೆ ಮಲಗಿಸಿಕೊಂಡು ಹೋಗಬಹುದಾದ ವಾಹನ, ಗೂಡ್ಸ್ ಗಾಡಿಯಾದರೂ ಸರಿ, ಆಟೋಗಿಂತ ಮೇಲು.

ಹೆಲ್ಮೆಟ್. ಗಾಯಾಳು ಸರಿಯಾಗಿ ಉಸಿರಾಡುತ್ತಿದ್ದರೆ ಮುಂದಿನ ಗಾಜನ್ನು ಮೇಲೆತ್ತಿ, ಹೆಲ್ಮೆಟ್ ಹಾಗೆಯೇ ಇರಲಿ. ಉಸಿರಿಗೆ ಅಡ್ಡಿಯಾಗಿದ್ದರೆ ಮಾತ್ರ ಇಬ್ಬರು ಸೇರಿ ತೆಗೆಯಬೇಕು. ಒಬ್ಬರು ಕೆಳಗಿನಿಂದ ದವಡೆ ಮತ್ತು ಕುತ್ತಿಗೆ ಹಿಡಿದಿರಬೇಕು, ಇನ್ನೊಬ್ಬರು ಪಟ್ಟಿ ಬಿಚ್ಚಿ ಎರಡೂ ಬದಿ ಅಗಲಿಸಿ ನಿಧಾನವಾಗಿ ಎಳೆಯಬೇಕು.

ಇದರ ಜೊತೆಗೆ ಒಂದು ಬೇಡ: ನೀರು. ಬಿದ್ದವರನ್ನು ಕಂಡ ಕೂಡಲೇ ಬಾಟಲಿ ಹಿಡಿದು ಓಡುವುದು ನಮ್ಮ ಜನರ ಒಳ್ಳೆಯ ಮನಸ್ಸು. ಆದರೆ ಅರೆಪ್ರಜ್ಞೆಯಲ್ಲಿರುವವರಿಗೆ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ತುರ್ತು ಶಸ್ತ್ರಚಿಕಿತ್ಸೆ ಬೇಕಾದರೆ ಅರಿವಳಿಕೆ ಕೊಡುವಾಗಲೂ ಹೊಟ್ಟೆಯಲ್ಲಿರುವ ನೀರು ತೊಂದರೆ.

"ಏನೂ ಆಗಿಲ್ಲ, ಎದ್ದು ನಡೆದ"

ಅತ್ಯಂತ ಮೋಸದ ಅಪಘಾತ ಇದು. ಕಿವಿಯ ಮೇಲ್ಭಾಗದಲ್ಲಿ ಬುರುಡೆಯ ಒಳಗೋಡೆಗೆ ಅಂಟಿಕೊಂಡಂತೆ ಒಂದು ರಕ್ತನಾಳವಿದೆ. ಆ ಜಾಗದಲ್ಲಿ ಮೂಳೆ ಬಿರುಕು ಬಿಟ್ಟರೆ ನಾಳ ಹರಿದು, ಬುರುಡೆಗೂ ಮಿದುಳಿನ ಹೊದಿಕೆಗೂ ನಡುವೆ ರಕ್ತ ತುಂಬಲು ಶುರುವಾಗುತ್ತದೆ. ಪೆಟ್ಟು ಬಿದ್ದಾಗ ಸ್ವಲ್ಪ ಮಂಕಾದವರು ಎಚ್ಚೆತ್ತು ಸರಿಯಾಗಿಯೇ ಮಾತಾಡುತ್ತಾರೆ, ಮನೆಗೂ ಹೋಗುತ್ತಾರೆ. ಕೆಲವು ಗಂಟೆಗಳ ನಂತರ ಮಿದುಳಿನ ಮೇಲೆ ಒತ್ತಡ ಹೆಚ್ಚಿ ಪ್ರಜ್ಞೆ ತಪ್ಪುತ್ತದೆ. ಸಮಯಕ್ಕೆ ಸಿ.ಟಿ. ಸ್ಕ್ಯಾನ್ ಆಗಿ ರಕ್ತ ತೆಗೆದರೆ ಪೂರ್ತಿ ಚೇತರಿಸಿಕೊಳ್ಳುವ ಗಾಯ ಇದು, ತಡವಾದರೆ ಸಾವು.

ಹೊಟ್ಟೆಗೆ ಹ್ಯಾಂಡಲ್ ಬಡಿದಾಗ ಗುಲ್ಮ ಅಥವಾ ಲಿವರ್ ಹರಿದರೂ ಹೀಗೆಯೇ, ಹೊರಗೆ ಒಂದು ಹನಿ ರಕ್ತ ಕಾಣದೆ ಒಳಗೆ ಸೋರುತ್ತಿರುತ್ತದೆ. ತೊಡೆಮೂಳೆ ಮುರಿದರೆ ಚರ್ಮದ ಒಳಗೇ ಒಂದು ಲೀಟರಿಗೂ ಹೆಚ್ಚು ರಕ್ತ ಸೇರಬಹುದು.

ಆದ್ದರಿಂದ ತಲೆಗೆ ಪೆಟ್ಟು ಬಿದ್ದವರನ್ನು ಒಂದು ದಿನವಾದರೂ ಒಬ್ಬರೇ ಬಿಡಬೇಡಿ. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಲೇ ಇರುವ ತಲೆನೋವು, ತೂಕಡಿಕೆ, ಗೊಂದಲದ ಮಾತು, ಫಿಟ್ಸ್, ಒಂದು ಕಡೆಯ ಕೈಕಾಲು ಸೋಲುವುದು, ಕಣ್ಣಿನ ಪಾಪೆಗಳು ಒಂದೊಂದು ಗಾತ್ರದಲ್ಲಿ ಕಾಣುವುದು, ಮೂಗು ಅಥವಾ ಕಿವಿಯಿಂದ ರಕ್ತ ಇಲ್ಲವೇ ತಿಳಿನೀರು ಬರುವುದು: ಇವುಗಳಲ್ಲಿ ಒಂದು ಕಂಡರೂ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಿ. ಹೊಟ್ಟೆನೋವು, ತಣ್ಣನೆಯ ಬೆವರು, ಮುಖ ಬಿಳುಚುವುದು ಒಳಗಿನ ರಕ್ತಸ್ರಾವದ ಸೂಚನೆ. "ಕುಡಿದಿದ್ದಾನೆ, ಮಲಗಿ ಎದ್ದರೆ ಸರಿಹೋಗುತ್ತಾನೆ" ಎಂದು ಬಿಡಬೇಡಿ. ಕುಡಿತದ ಮಂಪರಿಗೂ ಮಿದುಳಿನ ರಕ್ತಸ್ರಾವದ ಮಂಪರಿಗೂ ವ್ಯತ್ಯಾಸ ಮನೆಯಲ್ಲಿ ಗೊತ್ತಾಗುವುದಿಲ್ಲ.

"ಮುಟ್ಟಿದರೆ ಕೇಸು ನಮ್ಮ ಮೇಲೆ"

ಈ ಭಯಕ್ಕೆ ಹಿಂದೆ ಕಾರಣಗಳಿದ್ದವು. ಕಾರು ಗುದ್ದಿದ ಸ್ಕೂಟರ್ ಸವಾರನೊಬ್ಬನನ್ನು ಹತ್ತಿರದ ಆಸ್ಪತ್ರೆಗೆ ಕರೆದೊಯ್ದಾಗ, ಪೊಲೀಸ್ ಕೇಸು ನೋಡುವ ಆಸ್ಪತ್ರೆ 20 ಕಿ.ಮೀ. ದೂರದಲ್ಲಿದೆ, ಅಲ್ಲಿಗೆ ಹೋಗಿ ಎಂದು ಕಳಿಸಿದರು. ದಾರಿಯಲ್ಲೇ ಆತ ಸತ್ತ. ಈ ಘಟನೆಯಿಂದ ಹುಟ್ಟಿದ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲಿ ಸ್ಪಷ್ಟವಾಗಿ ಹೇಳಿತು: ಮೊದಲು ಜೀವ ಉಳಿಸುವ ಚಿಕಿತ್ಸೆ, ಕಾನೂನಿನ ವಿಧಿವಿಧಾನ ಆಮೇಲೆ. ಇದು ಸರ್ಕಾರಿ, ಖಾಸಗಿ ವೈದ್ಯರಿಬ್ಬರಿಗೂ ಅನ್ವಯಿಸುತ್ತದೆ.

ನೆರವಾದವರ ರಕ್ಷಣೆಗೆ 2016ರಲ್ಲಿ ಕೋರ್ಟ್ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು. ಕರ್ನಾಟಕ ಇದಕ್ಕಾಗಿ ಪ್ರತ್ಯೇಕ ಕಾಯ್ದೆಯನ್ನೇ ತಂದಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮಿನ ಪ್ರಕಾರ, ಒಳ್ಳೆಯ ಉದ್ದೇಶದಿಂದ ನೆರವಾದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸುವಂತಿಲ್ಲ. ಹೆಸರು, ವಿಳಾಸ ಹೇಳುವುದೂ ಅವರ ಇಷ್ಟ.

ದುಡ್ಡಿನ ಚಿಂತೆಗೂ ದಾರಿಗಳಿವೆ. 2016ರಲ್ಲಿ ನೆಲಮಂಗಲದ ಬಳಿ ಲಾರಿ ಹರಿದು ದೇಹ ಎರಡಾದ ಸ್ಥಿತಿಯಲ್ಲೂ ತನ್ನ ಅಂಗಾಂಗ ದಾನ ಮಾಡಿ ಎಂದು ಕೇಳಿಕೊಂಡ ಬೈಕ್ ಸವಾರ ಹರೀಶ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 'ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ' ಆರಂಭಿಸಿತು. ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗಿನ ಚಿಕಿತ್ಸೆ ಅದರ ಉದ್ದೇಶ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯ ನಗದುರಹಿತ ಚಿಕಿತ್ಸಾ ಯೋಜನೆಯನ್ನು ಅಧಿಸೂಚಿಸಿತು. ಆಸ್ಪತ್ರೆಯಲ್ಲಿ ಇವುಗಳ ಬಗ್ಗೆ ಕೇಳಿ.

ಬದುಕಿದ ಮೇಲೆ

"ಜೀವ ಉಳಿಯಿತಲ್ಲ, ಸಾಕು" ಎನ್ನುವ ಮಾತು ಗಾಯಾಳುವಿನ ಮುಂದಿನ ವರ್ಷಗಳನ್ನು ಮರೆಮಾಡುತ್ತದೆ. ಬೈಕ್ ಸವಾರರಲ್ಲಿ ಹೆಚ್ಚಾಗಿ ಕಾಣುವ ಒಂದು ಗಾಯವಿದೆ. ಬೀಳುವಾಗ ತಲೆ ಒಂದು ಕಡೆಗೂ ಭುಜ ಇನ್ನೊಂದು ಕಡೆಗೂ ಎಳೆದು, ಕುತ್ತಿಗೆಯಿಂದ ಕೈಗೆ ಹೋಗುವ ನರಗಳ ಜಾಲ ಹರಿಯುತ್ತದೆ. ಕೈ ಜೋತುಬೀಳುತ್ತದೆ. ತಾನಾಗಿಯೇ ಸರಿಹೋಗಬಹುದು ಎಂದು ಎಣ್ಣೆ ನೀವಿಸುತ್ತ ತಿಂಗಳುಗಟ್ಟಲೆ ಕಾಯುವವರಿದ್ದಾರೆ. ಕೆಲವು ನರಗಾಯಗಳು ಹಾಗೆ ವಾಸಿಯಾಗುವುದೂ ನಿಜ. ಆದರೆ ಹರಿದ ನರಗಳಿಗೆ ಶಸ್ತ್ರಚಿಕಿತ್ಸೆ ಬೇಕಾದರೆ ಅದು ಮೂರರಿಂದ ಆರು ತಿಂಗಳೊಳಗೆ ಆದರೆ ಒಳ್ಳೆಯದು. ವರ್ಷ ಕಳೆದರೆ ಸ್ನಾಯುಗಳು ಸೊರಗಿ ಚೇತರಿಕೆಯ ಅವಕಾಶ ತೀರಾ ಕಡಿಮೆಯಾಗುತ್ತದೆ. ಹಾಗಾಗಿ ಕೈ ಎತ್ತಲಾಗುತ್ತಿಲ್ಲ ಎಂದರೆ ಮೊದಲ ವಾರಗಳಲ್ಲೇ ನರತಜ್ಞರಿಗೆ ತೋರಿಸಿ.

ಮಿದುಳಿಗೆ ಪೆಟ್ಟಾದವರಲ್ಲಿ ಗಾಯ ಮಾಗಿದ ಮೇಲೂ ಮರೆವು, ಸಿಟ್ಟು, ನಿದ್ರೆಗೇಡು, ಗದ್ದಲ ಸಹಿಸಲಾಗದಿರುವುದು ಉಳಿಯಬಹುದು. ಮನೆಯವರು ಅದನ್ನು "ಸೋಮಾರಿತನ", "ದುರಹಂಕಾರ" ಎಂದು ತಿಳಿದುಬಿಡುತ್ತಾರೆ. ಅದು ಗಾಯದ ಭಾಗ. ಹಾರ್ನ್ ಶಬ್ದಕ್ಕೆ ಬೆಚ್ಚಿಬೀಳುವುದು, ಮತ್ತೆ ಬೈಕ್ ಹತ್ತಲು ಕೈ ನಡುಗುವುದು ಕೂಡ ಹಾಗೆಯೇ. ಫಿಸಿಯೋಥೆರಪಿ, ಮಾತಿನ ತರಬೇತಿ, ಆಪ್ತ ಸಮಾಲೋಚನೆ ಇವೆಲ್ಲ ಚಿಕಿತ್ಸೆಯೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ಪ್ರತ್ಯೇಕ ನರಪುನಶ್ಚೇತನ ವಿಭಾಗವೇ ಇದೆ.

ಆಯಸ್ಸು ಎಷ್ಟಿದೆ ಎಂಬುದು ಯಾರಿಗೂ ಗೊತ್ತಿಲ್ಲ. ಹೆಲ್ಮೆಟ್‌ನ ಪಟ್ಟಿ ಹಾಕಿದ್ದೇವೆಯೇ, ಹಿಂದೆ ಕೂತವರ ತಲೆಯ ಮೇಲೆ ಏನಿದೆ, ಸ್ಪೀಡೋಮೀಟರಿನ ಮುಳ್ಳು ಎಲ್ಲಿದೆ ಎಂಬುದು ಮಾತ್ರ ಗಾಡಿ ಸ್ಟಾರ್ಟ್ ಮಾಡುವಾಗಲೆಲ್ಲ ನಮಗೆ ಗೊತ್ತಿರುತ್ತದೆ. ಇವತ್ತು ಒಂದು ಕೆಲಸ ಮಾಡಿ: ಮನೆಯಲ್ಲಿರುವ ಎರಡನೇ ಹೆಲ್ಮೆಟ್ ತೆಗೆದು ಒಳಪದರ ಒತ್ತಿ ನೋಡಿ, ಪಟ್ಟಿಯ ಬಕಲ್ ಹಾಕಿ ಎಳೆದು ನೋಡಿ. ಎರಡನೇ ಹೆಲ್ಮೆಟ್ ಇಲ್ಲದಿದ್ದರೆ ಒಂದನ್ನು ಕೊಳ್ಳಿ.